ಉಂಬಳಿ, ಪಿಂಚಣಿ, ಲೆಕ್ಕದ ಪುಸ್ತಕ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ. ಕಾವೇರಿಯ ದಂಡೆಯಲ್ಲಿರುವ ಕೊಳ್ಳೇಗಾಲದ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ತೆಪ್ಪದಲ್ಲಿ ಕುಳಿತಿರುವಷ್ಟು ಹೊತ್ತು ಅಂಬಿಗನೇ ದೇವರು. ಆಚೆಯ ದಡದ ಮರಳು ಕಾಲಿಗೆ ತಗಲಿತೋ, ಅವನ ಹೆಸರೂ ಮರೆತುಹೋಗುತ್ತದೆ. ಮನುಷ್ಯಸ್ವಭಾವವನ್ನು ಹಳಿದು ಹೇಳಿದ ಈ ಗಾದೆಯಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಮೂವತ್ತು ವರ್ಷ ಹುಟ್ಟು ಹಾಕಿ ತೋಳು ಸೋತ ಅಂಬಿಗನಿಗೆ ನಾವು ಕೊಡುವುದು ದಯೆಯೋ, ಸಾಲವೋ? ಸಾಲವೇ ಆದರೆ ಅದನ್ನು ಯಾವ ಪುಸ್ತಕದ ಯಾವ ಪುಟದಲ್ಲಿ, ಯಾವ ವರ್ಷದ ಲೆಕ್ಕದಲ್ಲಿ ಬರೆಯಬೇಕು?

ವಿಶ್ರಾಂತಿ ವೇತನದ ಇತಿಹಾಸವೆಲ್ಲ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಇತಿಹಾಸ. ಅದನ್ನು ತಿಳಿಯಲು ಲಂಡನ್ನಿಗೋ ನ್ಯೂಯಾರ್ಕಿಗೋ ಹೊರಡಬೇಕಾಗಿಲ್ಲ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 15 ಕಿಲೋಮೀಟರು. ಅಲ್ಲಿಂದ ಮುಂದೆ ಮಲೆಯ ಮಹದೇಶ್ವರನ ಬೆಟ್ಟದ ದಾರಿ ಹಿಡಿದರೆ ಹನೂರು. ಇಂದು ಮೂರೂ ಚಾಮರಾಜನಗರ ಜಿಲ್ಲೆಗೆ ಸೇರಿದ ಊರುಗಳು. ಆದರೆ 1956ರ ನವೆಂಬರ್ 1ಕ್ಕೆ ಮುಂಚೆ ಯಳಂದೂರು ಮೈಸೂರು ಸಂಸ್ಥಾನದ್ದು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಮಾತು ಒಂದೇ, ಜಾತ್ರೆ ಒಂದೇ. ಖಜಾನೆ ಮಾತ್ರ ಎರಡು. ಎರಡು ಖಜಾನೆಗಳ ನಡುವಿನ ಈ ಗಡಿನಾಡಿನಲ್ಲಿ, ದುಡಿದು ದಣಿದವನಿಗೆ ಸಲ್ಲಬೇಕಾದದ್ದನ್ನು ಲೆಕ್ಕಕ್ಕೆ ಹಿಡಿಯುವ ಬಗೆಬಗೆಯ ಪದ್ಧತಿಗಳು ಒಂದರ ಪಕ್ಕದಲ್ಲೊಂದು ನಡೆದು ಹೋದವು.

ಎಲ್ಲಕ್ಕಿಂತ ಹಳೆಯದು ಉಂಬಳಿ. ಮಾತಿನಲ್ಲೇ ಅರ್ಥ ಇದೆ: ಉಣ್ಣಲು ಬಿಟ್ಟ ನೆಲ. ಶಾನುಭೋಗನಿಗೆ, ಪಟೇಲನಿಗೆ, ತೋಟಿಗೆ, ತಳವಾರನಿಗೆ, ಕೆರೆಯ ತೂಬು ಕಾಯುವ ನೀರಗಂಟಿಗೆ ಊರು ನಗದು ಸಂಬಳ ಎಣಿಸುತ್ತಿರಲಿಲ್ಲ. ಕಂದಾಯವಿಲ್ಲದೆಯೋ ಕಡಿಮೆ ಕಂದಾಯಕ್ಕೋ ಒಂದಷ್ಟು ಭೂಮಿ; ಜೊತೆಗೆ ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಆಯ. ಇಂಥವನಿಗೆ ಮುಪ್ಪು ಬಂದರೆ ಏನು ಗತಿ? ಮಗ ಕೆಲಸಕ್ಕೆ ನಿಲ್ಲುತ್ತಿದ್ದ, ತಂದೆ ಜಗುಲಿಯ ಮೇಲೆ ಕೂರುತ್ತಿದ್ದ. ಅದೇ ಹೊಲದ ರಾಗಿ ಇಬ್ಬರಿಗೂ ಮುದ್ದೆಯಾಗುತ್ತಿತ್ತು. ಕೆಲಸವೂ ನೆಲವೂ ಮನೆತನದಲ್ಲೇ ಇದ್ದುದರಿಂದ ನಿವೃತ್ತಿ ಎಂಬ ಮಾತಿಗೇ ಎಡೆಯಿರಲಿಲ್ಲ. ಲೆಕ್ಕ ಬರೆಯುವ ಅಗತ್ಯವೂ ಇರಲಿಲ್ಲ. ಆದರೆ ಮಗನಿಲ್ಲದವನ ಪಾಡು, ಮಗನಿಗೆ ಬೇರೆ ಕೆಲಸ ಬೇಕೆಂಬ ಆಸೆ, ಹುಟ್ಟಿದ ಮನೆತನಕ್ಕೇ ಗಂಟುಬಿದ್ದ ಊಳಿಗ, ಇವು ಆ ವ್ಯವಸ್ಥೆಯ ಇನ್ನೊಂದು ಮುಖ. ಗ್ರಾಮಾಧಿಕಾರಗಳ ರದ್ದತಿಗೆ 1961ರಲ್ಲಿ ಮೈಸೂರು ರಾಜ್ಯ ಕಾಯಿದೆ ಮಾಡಿದ್ದರಲ್ಲಿ ಈ ಗಂಟನ್ನು ಬಿಚ್ಚುವ ಉದ್ದೇಶವೂ ಇತ್ತು.

ಹಳ್ಳಿಯ ತೋಟಿಗೆ ಉಂಬಳಿಯಾದರೆ ರಾಜ್ಯದ ದಿವಾನರಿಗೆ ಜಹಗೀರು. ಯಳಂದೂರಿನ ಹೆಸರು ಇತಿಹಾಸದಲ್ಲಿ ಮೇಲೆದ್ದು ಕಾಣುವುದು ಇಲ್ಲಿ. ಅಂಗಡಿಯ ಲೆಕ್ಕ ಬರೆಯುವ ಕೆಲಸದಿಂದ ಬದುಕು ಆರಂಭಿಸಿದ ಪೂರ್ಣಯ್ಯನವರು ಹೈದರನ ಕಾಲದಲ್ಲಿ ಮೇಲಕ್ಕೆ ಬಂದರು. ಟಿಪ್ಪುವಿನ ಕೈಕೆಳಗೆ ಹಣಕಾಸಿನ ಹೊಣೆ ಹೊತ್ತರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನರಾಗಿ 1811ರವರೆಗೆ ರಾಜ್ಯವನ್ನಾಳಿದರು. ಅವರ ಸೇವೆಗೆ ಮೆಚ್ಚಿಕೆಯಾಗಿ 1807ರಲ್ಲಿ ಯಳಂದೂರಿನ ಸೀಮೆ ವಂಶಪಾರಂಪರ್ಯದ ಜಹಗೀರಾಗಿ ಅವರಿಗೆ ಸಂದಿತು. ಹೊನ್ನುಹೊಳೆಯ ನೀರುಂಡ ಫಲವತ್ತಾದ ನೆಲ ಅದು. ಯಳಂದೂರಿನಲ್ಲಿ ಇಂದಿಗೂ ನಿಂತಿರುವ ಜಹಗೀರುದಾರರ ಬಂಗಲೆಯನ್ನು ನೋಡಿದವರಿಗೆ ಆ ದಿನಗಳ ಠೀವಿ ಅಷ್ಟಿಷ್ಟು ಕಣ್ಣಿಗೆ ಕಟ್ಟುತ್ತದೆ.

ಈ ಜಹಗೀರನ್ನು ಲೆಕ್ಕಿಗನ ಕಣ್ಣಿನಿಂದ ನೋಡೋಣ. ಪೂರ್ಣಯ್ಯನವರು ಅಧಿಕಾರ ಬಿಟ್ಟದ್ದು 1811ರಲ್ಲಿ. ಕಾಲವಾದದ್ದು 1812ರ ಮಾರ್ಚಿಯಲ್ಲಿ. ವಿಶ್ರಾಂತಿ ಎಂದು ಅವರಿಗೆ ದೊರೆತದ್ದು ವರ್ಷವೂ ತುಂಬದ ಅಲ್ಪಕಾಲ. ಆದರೆ ಜಹಗೀರು ಅವರೊಡನೆ ಮುಗಿಯಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿತು. ಅವರ ವಂಶದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಯಳಂದೂರಿನ ಜಹಗೀರುದಾರರೂ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಜಹಗೀರು, ಇನಾಮುಗಳನ್ನೆಲ್ಲ ಕಾಯಿದೆಯಿಂದ ತೆಗೆದುಹಾಕುವ ತನಕ ಹಳೆಯ ಸೇವೆಯೊಂದರ ಪ್ರತಿಫಲ ಸಲ್ಲುತ್ತಲೇ ಇತ್ತು. ಇಷ್ಟಾದರೂ ಅದು ಹುಜೂರು ಖಜಾನೆಯ ಪುಸ್ತಕದಲ್ಲಿ ಖರ್ಚಾಗಿ ಕಾಣುವಂತಿರಲಿಲ್ಲ! ಏಕೆಂದರೆ ಖಜಾನೆಯಿಂದ ಹಣ ಹೊರಗೆ ಹೋಗುತ್ತಿರಲಿಲ್ಲ. ಬರಬೇಕಾದ ಕಂದಾಯ ಬರುತ್ತಿರಲಿಲ್ಲ, ಅಷ್ಟೆ. ಯಳಂದೂರಿನ ರೈತ ಕೊಟ್ಟ ಹಣ ಜಹಗೀರುದಾರರ ಮನೆಗೆ ನಡೆಯುತ್ತಿತ್ತು. ಕೊಟ್ಟದ್ದು ಖರ್ಚು, ಬಿಟ್ಟದ್ದು ಖರ್ಚಲ್ಲ ಎಂಬ ಭ್ರಮೆ ಲೆಕ್ಕಪತ್ರಗಳಲ್ಲಿ ಬಹಳ ಹಳೆಯದು.

ಶಿವನಸಮುದ್ರದ ಸೇತುವೆಗಳ ಕತೆಯೂ ಇದೇ ಬಗೆಯದು. ಮೈಸೂರಿನ ರೆಸಿಡೆನ್ಸಿಯಲ್ಲಿ ಕೆಲಸಮಾಡಿದ ರಾಮಸ್ವಾಮಿ ಮುದಲಿಯಾರರು ಕಾವೇರಿಯ ಕವಲುಗಳ ಮೇಲಿನ ಹಳೆಯ ಸೇತುವೆಗಳನ್ನು ಎತ್ತಿ ಕಟ್ಟಿಸಿ, ಅಲ್ಲಿನ ಗುಡಿಗಳನ್ನು ಜೀರ್ಣೋದ್ಧಾರ ಮಾಡಿಸಿದಾಗ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ, ಇಂಗ್ಲಿಷರ ಕಡೆಯಿಂದ ಕೆಲವು, ಮೈಸೂರಿನ ಕಡೆಯಿಂದ ಕೆಲವು ಗ್ರಾಮಗಳನ್ನೂ ಪಡೆದರು. ಅವರೇನೋ ದಾಟಿದ ಮೇಲೂ ನೆನೆಯಲ್ಪಟ್ಟ ಅಂಬಿಗರು. ಆದರೆ ಕಲ್ಲು ಹೊತ್ತ ಒಡ್ಡನ ಮುಪ್ಪಿಗೆ ಯಾವ ಗ್ರಾಮವೂ ಇರಲಿಲ್ಲ. ಮೆಚ್ಚಿಕೆಯಿಂದ ಬರುವ ಪ್ರತಿಫಲ ಮೆಚ್ಚುವವರ ಕಣ್ಣಿಗೆ ಬಿದ್ದವರಿಗೆ ಮಾತ್ರ.

ಇನ್ನು ಹೊಳೆಯ ಪಕ್ಕದ ಕೊಳ್ಳೇಗಾಲಕ್ಕೆ ಬರೋಣ. ಟಿಪ್ಪು ಮಡಿದ ಮೇಲೆ ಕೊಯಮತ್ತೂರಿನ ಸೀಮೆಯೊಡನೆ ಕೊಳ್ಳೇಗಾಲ ಕುಂಪಣಿಗೆ ಸೇರಿತು. ಅದೇ 1799ರ ಜೂನ್ ತಿಂಗಳಲ್ಲಿ ಆದ ಪಾಲು ಪಟ್ಟಿಯ ಒಪ್ಪಂದದಲ್ಲಿ ಒಂದು ಕರಾರು ಇದೆ. ತನ್ನ ಪಾಲಿಗೆ ಬಂದ ಪ್ರಾಂತ್ಯಗಳ ಉತ್ಪನ್ನದಿಂದ ಹೈದರ್ ಮತ್ತು ಟಿಪ್ಪುವಿನ ಕುಟುಂಬಗಳ ಪೋಷಣೆಗಾಗಿ ಕುಂಪಣಿ ವರ್ಷಕ್ಕೆ 2 ಲಕ್ಷ ನಕ್ಷತ್ರ ವರಹಗಳಿಗೆ ಕಡಿಮೆಯಿಲ್ಲದಂತೆ ತೆಗೆದಿಡತಕ್ಕದ್ದು. ಕೊಳ್ಳೇಗಾಲದ ರೈತ ತೆತ್ತ ಕಿಸ್ತೂ ವೆಲ್ಲೂರಿನ ಕೋಟೆಯಲ್ಲಿದ್ದ ಟಿಪ್ಪುವಿನ ಮಕ್ಕಳ ಊಟ ಬಟ್ಟೆಗೆ ಒದಗುವ ಬೊಕ್ಕಸದಲ್ಲಿ ಬೆರೆಯಿತು. 1806ರ ವೆಲ್ಲೂರಿನ ದಂಗೆಯಾದ ಮೇಲೆ ಆ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು.

ಒಪ್ಪಂದದ ಪ್ರತ್ಯೇಕ ಕಲಮಿನಲ್ಲಿ ಇನ್ನೂ ಸ್ವಾರಸ್ಯವಾದ ಮಾತಿದೆ. ವೇತನ ಪಡೆಯುವವರು ತೀರಿಕೊಂಡರೆ, ಅಥವಾ ಷರತ್ತು ಮುರಿದು ಅದನ್ನು ಕಳೆದುಕೊಂಡರೆ, ಉಳಿಯುವ ಹಣಕ್ಕಾಗಿ ಕುಂಪಣಿಯಾಗಲಿ ನಿಜಾಮನಾಗಲಿ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕಾದ್ದಿಲ್ಲ. ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ ಎಂಬುದರ ಮೇಲೆ ಕೊಡುವವನ ಲಾಭನಷ್ಟ ನಿಂತಿದೆ ಎಂಬ ಅರಿವು ಆ ಕಲಮನ್ನು ಬರೆದವರಿಗೆ ಚೆನ್ನಾಗಿ ಇತ್ತು. ಈ ಅರಿವೇ ಮುಂದೆ ಪಿಂಚಣಿಯ ಗಣಿತಕ್ಕೆಲ್ಲ ಮೂಲ. ಷರತ್ತು ಮುರಿದರೆ ನಿಂತುಹೋಗುವ ವೇತನವಾದ್ದರಿಂದ ಅದು ಹಕ್ಕಲ್ಲ, ಬಾಲ ಬಿಚ್ಚದಿರಲು ಕೊಟ್ಟ ಕೂಲಿ ಎಂಬುದೂ ಅಷ್ಟೇ ಸ್ಪಷ್ಟ.

ಹಗೆಯ ಮಕ್ಕಳ ಮಾತು ಹಾಗಿರಲಿ. ಕುಂಪಣಿ ತನ್ನ ಸ್ವಂತ ಆಳುಗಳ ಮುಪ್ಪನ್ನು ಹೇಗೆ ಲೆಕ್ಕಕ್ಕೆ ಹಿಡಿಯಿತು? ಬಂಗಾಳದ ನವಾಬ ಮೀರ್ ಜಾಫರ್ ಸಾಯುವಾಗ ಕ್ಲೈವನಿಗೆ 5 ಲಕ್ಷ ರೂಪಾಯಿ ಬಿಟ್ಟುಹೋಗಿದ್ದ. ಅದನ್ನು ಮೂಲಧನ ಮಾಡಿ, ಗಾಯಗೊಂಡ ಮತ್ತು ನಿಶ್ಶಕ್ತರಾದ ಸೈನಿಕರಿಗೂ ಅವರ ವಿಧವೆಯರಿಗೂ ನೆರವಾಗಲೆಂದು 1770ರಲ್ಲಿ ‘ಕ್ಲೈವ್ ನಿಧಿ’ಯನ್ನು ಕಟ್ಟಿದರು. ಆದರೆ ಪತ್ರದಲ್ಲಿ ಒಂದು ಕೊಂಡಿ ಇತ್ತು: ಕುಂಪಣಿ ಸೈನ್ಯ ಇಟ್ಟುಕೊಳ್ಳುವುದನ್ನು ನಿಲ್ಲಿಸಿದ ದಿನ ಹಣ ಕ್ಲೈವನ ವಾರಸುದಾರರಿಗೆ ಮರಳಬೇಕು. 1858ರಲ್ಲಿ ರಾಜ್ಯಭಾರ ರಾಣಿಯ ಕೈಗೆ ಹೋಯಿತು, ಸೈನ್ಯವೂ ಹೋಯಿತು. ವಾರಸುದಾರರು ನ್ಯಾಯಾಲಯ ಹತ್ತಿದರು. 1863ರಲ್ಲಿ ತೀರ್ಪು ಅವರ ಪರವಾಯಿತು. ನಿಧಿ ಇದ್ದರೆ ಸಾಲದು, ಆ ನಿಧಿ ಯಾರ ಹೆಸರಿನಲ್ಲಿ, ಯಾವ ಕರಾರಿನ ಮೇಲೆ ಇದೆ ಎಂಬುದನ್ನೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಕುಂಪಣಿ ವ್ಯಾಪಾರಿಯೂ ಹೌದು, ಅರಸನೂ ಹೌದು. ವ್ಯಾಪಾರದ ಲೆಕ್ಕವನ್ನೂ ರಾಜ್ಯದ ಲೆಕ್ಕವನ್ನೂ ಬೇರೆಬೇರೆ ಇಡಬೇಕೆಂದು 1813ರ ಸನ್ನದು ಕಾಯಿದೆ ವಿಧಿಸಿತು. 1833ರ ಕಾಯಿದೆ ಅದರ ವ್ಯಾಪಾರವನ್ನೇ ಮುಚ್ಚಿತು. ಆದರೆ ಷೇರುದಾರರ ನೂರಕ್ಕೆ ಹತ್ತೂವರೆಯ ಲಾಭಾಂಶವನ್ನು ಭಾರತದ ಕಂದಾಯದ ಮೇಲೆ ಹೊರಿಸಿತು. ಅಂಗಡಿ ಮುಚ್ಚಿತು, ಸಾಹುಕಾರನಿಗೆ ಸಲ್ಲುವ ಬಾಬು ಮಾತ್ರ ನಿಲ್ಲಲಿಲ್ಲ. ಅದು ತೀರಿ ಕುಂಪಣಿ ವಿಸರ್ಜನೆಯಾದದ್ದು 1874ರಲ್ಲಿ. ಇಲ್ಲಿ ದುಡಿದು ಇಂಗ್ಲೆಂಡಿಗೆ ಹಿಂದಿರುಗಿದ ಅಧಿಕಾರಿಗಳ ಪಿಂಚಣಿಯೂ ‘ಸ್ವದೇಶದ ವೆಚ್ಚ’ ಎಂಬ ಹೆಸರಿನಲ್ಲಿ ವರ್ಷವರ್ಷವೂ ಇಲ್ಲಿಂದ ಹೋಗುತ್ತಿತ್ತು. ದಾದಾಭಾಯಿ ನವರೋಜಿಯವರು ದೇಶದ ಸಂಪತ್ತು ಸೋರಿಹೋಗುತ್ತಿದೆಯೆಂದು ಕೂಗಿ ಹೇಳಿದ ಲೆಕ್ಕದಲ್ಲಿ ಈ ಪಿಂಚಣಿಗಳೂ ಸೇರಿದ್ದವು. ನಿವೃತ್ತನಾದ ಕಲೆಕ್ಟರಿಗೆ ಪಿಂಚಣಿ ಸಲ್ಲುವುದು ಅನ್ಯಾಯವಲ್ಲ. ಆದರೆ ಹನೂರಿನ ಬೆಟ್ಟದಡಿಯಲ್ಲಿ ಹುರುಳಿ ಬೆಳೆಯುವವನು ತನ್ನನ್ನು ಕೇಳದೆ ಬರೆದ ಸಾಲವನ್ನು, ತಾನು ಎಂದೂ ಕಾಣದ ಊರಿನಲ್ಲಿ ಕೂತವರಿಗೆ ತೀರಿಸಬೇಕಾಯಿತಲ್ಲ, ಅದು ಯೋಚಿಸಬೇಕಾದ ಮಾತು. ಪಿಂಚಣಿ ಕೊಡುವವನು ಎಂದರೆ ಅಪ್ಪಣೆಗೆ ರುಜು ಹಾಕುವವನಲ್ಲ. ಕೊನೆಗೆ ಕೈಯಿಂದ ಹಣ ಬಿಚ್ಚುವವನು.

ಮೈಸೂರಿನ ಕಡೆ ಏನು ನಡೆದಿತ್ತು? ಪೂರ್ಣಯ್ಯನವರು ಅಧಿಕಾರ ಒಪ್ಪಿಸಿದಾಗ ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಮೇಲ್ಪಟ್ಟು ಉಳಿಕೆ ಇತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಇಪ್ಪತ್ತು ವರ್ಷದಲ್ಲಿ ಅದು ಕರಗಿತು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಳ್ಳುವ ವೇಳೆಗೆ ಸೈನಿಕರ ಸಂಬಳವೇ ಬಾಕಿ ಬಿದ್ದಿತ್ತು. ಸುಮ್ಮನೆ ಕೂಡಿಟ್ಟ ಹಣ ಬೇರೆ, ಒಂದು ಹೊಣೆಗೆಂದು ಮೀಸಲಾಗಿ ಕಟ್ಟಿಟ್ಟ ಹಣ ಬೇರೆ. ಮೊದಲನೆಯದಕ್ಕೆ ನೂರು ಕೈ ಚಾಚುತ್ತವೆ. ಎರಡನೆಯದನ್ನು ಮುಟ್ಟಲು ಕಾನೂನು ಅಡ್ಡ ಬರುತ್ತದೆ. ಈ ಭೇದವನ್ನು ತಿಳಿದು ಮೈಸೂರು ಸರ್ಕಾರ 1891ರಲ್ಲಿ ತನ್ನ ನೌಕರರಿಗಾಗಿ ಜೀವವಿಮೆಯ ಇಲಾಖೆಯೊಂದನ್ನು ತೆರೆಯಿತು. ಚಾಮರಾಜ ಒಡೆಯರ ಆಳ್ವಿಕೆ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯ ಕಾಲ ಅದು. ಪಿಂಚಣಿ ಪಿಂಚಣಿದಾರನೊಡನೆಯೇ ಮುಗಿಯುತ್ತಿತ್ತು. ಗುಮಾಸ್ತೆ ಸತ್ತ ಮರುತಿಂಗಳು ಅವನ ಹೆಂಡತಿಯ ಕೈ ಬರಿದು. ದಿವಾನರ ಜಹಗೀರು ತಲೆಮಾರುಗಳನ್ನು ದಾಟಿ ನಡೆಯಿತು, ಗುಮಾಸ್ತೆಯ ಪಿಂಚಣಿ ಚಿತೆಯವರೆಗೆ ಮಾತ್ರ ಬಂದಿತು. ಸಂಬಳದಿಂದ ತಿಂಗಳು ತಿಂಗಳೂ ಇಷ್ಟಿಷ್ಟು ಮುರಿದುಕೊಂಡು ಕಟ್ಟಿದ ಆ ವಿಮೆ ಈ ಕಂದರವನ್ನು ಸ್ವಲ್ಪ ಮುಚ್ಚಿತು. ಸರ್ಕಾರಿ ನೌಕರರ ಕುಟುಂಬ ಪಿಂಚಣಿಯ ಯೋಜನೆಗಳು ಬಂದದ್ದು 1964ರ ಸುಮಾರಿಗೆ. ಅಂದರೆ ಗುಮಾಸ್ತೆಯ ವಿಧವೆ ಮುಕ್ಕಾಲು ಶತಮಾನ ಕಾಯಬೇಕಾಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದಿತು. ಕನ್ನಡಿಗರಿಗೆ ಅದು ಹಬ್ಬದ ದಿನ. ಆದರೆ ಹಬ್ಬದ ಸಂಭ್ರಮದ ನಡುವೆ ಲೆಕ್ಕಿಗನಿಗೆ ಒಂದು ತೊಡಕು. ಮದರಾಸು ಸರ್ಕಾರಕ್ಕೆ ಇಪ್ಪತ್ತೈದು ವರ್ಷ ದುಡಿದ ಕೊಳ್ಳೇಗಾಲದ ಒಬ್ಬ ಉಪಾಧ್ಯಾಯ ಇನ್ನು ಐದು ವರ್ಷ ಮೈಸೂರಿಗೆ ದುಡಿದು ನಿವೃತ್ತನಾಗುತ್ತಾನೆ ಎನ್ನೋಣ. ಅವನ ಪಿಂಚಣಿ ಯಾರ ಹೊಣೆ? ಈಗಾಗಲೇ ಪಿಂಚಣಿ ಪಡೆಯುತ್ತಿರುವ ಮುದುಕ ಮುಂದಿನ ತಿಂಗಳು ಯಾರ ಖಜಾನೆಯ ಕಿಟಕಿಯ ಮುಂದೆ ನಿಲ್ಲಬೇಕು? ನದಿ, ಕಾಡು, ಕಟ್ಟಡಗಳನ್ನು ಹಂಚಿಕೊಂಡಂತೆ ಮುದುಕರಿಗೆ ಸಲ್ಲಬೇಕಾದ ಮಾತನ್ನೂ ಹಂಚಿಕೊಳ್ಳಬೇಕಾಯಿತು. ಪುನರ್ವಿಂಗಡಣೆಯ ಕಾಯಿದೆಯಲ್ಲಿ ಪಿಂಚಣಿಯ ಹೊಣೆಯನ್ನು ರಾಜ್ಯರಾಜ್ಯಗಳ ನಡುವೆ ಹಂಚುವುದಕ್ಕೆಂದೇ ಏರ್ಪಾಡು ಇತ್ತು. ನೌಕರನ ಸೇವೆಯ ನಿಯಮಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಕೂಡದೆಂದೂ ಅದು ಕಟ್ಟುಮಾಡಿತು. ಯಜಮಾನ ಬದಲಾದರೂ ಋಣ ಬದಲಾಗದು ಎಂಬ ತತ್ತ್ವ ಇದು. ಸರ್ಕಾರಗಳ ವಿಷಯದಲ್ಲಿ ಈ ತತ್ತ್ವವನ್ನು ಕಾಯಿದೆ ಕಾಪಾಡಿತು. ಯಜಮಾನ ಒಂದು ಕಂಪನಿಯಾಗಿದ್ದರೆ?

ಸರ್ಕಾರಕ್ಕೂ ಕಂಪನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸರ್ಕಾರ ಪಿಂಚಣಿಯನ್ನು ಪಾವತಿ ಮಾಡಿದ ವರ್ಷದಲ್ಲಿ ಖರ್ಚೆಂದು ಬರೆಯುತ್ತದೆ. ಮುಂದಿನ ವರ್ಷವೂ ತೆರಿಗೆ ಬಂದೇ ಬರುತ್ತದೆಂಬ ಧೈರ್ಯ ಅದಕ್ಕೆ. ಕಂಪನಿಗೆ ನಾಳೆ ಎಂಬುದು ಖಾತ್ರಿಯಲ್ಲ. ಅಮೆರಿಕದಲ್ಲಿ ಸ್ಟುಡ್‌ಬೇಕರ್ ಎಂಬ ಮೋಟಾರು ಕಂಪನಿ 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಊರಿನ ತನ್ನ ಕಾರ್ಖಾನೆಯನ್ನು ಮುಚ್ಚಿತು. ಪಿಂಚಣಿಯ ಮಾತು ಕೊಟ್ಟಿದ್ದು ದೊಡ್ಡದು, ನಿಧಿಯಲ್ಲಿದ್ದ ಹಣ ಚಿಕ್ಕದು. ಆಗಲೇ ನಿವೃತ್ತರಾದವರಿಗೆ ಪೂರ್ತಿ ಸಂದಿತು. ಇನ್ನೂ ಅರವತ್ತು ತುಂಬದ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರಿಗೆ ಸಲ್ಲಬೇಕಾದುದರ ನೂರಕ್ಕೆ 15ರಷ್ಟು ಮಾತ್ರ ದೊರೆಯಿತು. ಇನ್ನುಳಿದವರಿಗೆ ಏನೂ ಇಲ್ಲ. ಈ ಆಘಾತದ ಫಲವಾಗಿ ಆ ದೇಶ 1974ರಲ್ಲಿ ಪಿಂಚಣಿ ನಿಧಿಗಳನ್ನು ಕಾಯುವ ಕಾಯಿದೆ ಮಾಡಿತು.

ನಮ್ಮ ಸೀಮೆಯಲ್ಲಿ ಕಂಪನಿಯ ಲೆಕ್ಕ ಎಂದೊಡನೆ ನೆನಪಾಗಬೇಕಾದ್ದು ರೇಷ್ಮೆ. ಕೊಳ್ಳೇಗಾಲ ಮದರಾಸಿನ ಕಾಲದಿಂದಲೂ ಹಿಪ್ಪುನೇರಳೆಯ, ಮಗ್ಗದ ಊರು. ಕೊಳ್ಳೇಗಾಲದಲ್ಲೂ ಯಳಂದೂರಿನ ಬಳಿಯ ಮಾಂಬಳ್ಳಿಯಲ್ಲೂ ಇದ್ದ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂದವು. ಇಲಾಖೆಯ ಕಾರ್ಖಾನೆ ನಿಗಮದ ಕಾರ್ಖಾನೆಯಾದಾಗ ಯಂತ್ರ ಅದೇ, ಬಿಸಿನೀರಿನ ತೊಟ್ಟಿ ಅದೇ, ಗೂಡಿನಿಂದ ಎಳೆ ತೆಗೆಯುವ ಬೆರಳೂ ಅದೇ. ಬದಲಾಗುವುದು ಲೆಕ್ಕದ ಪುಸ್ತಕ. ಕಂಪನಿ ಕಾಯಿದೆಗೆ ಒಳಪಟ್ಟ ಸಂಸ್ಥೆ ವರ್ಷದ ಕೊನೆಗೆ ಅಢಾವೆ ಪತ್ರಿಕೆ ಬರೆಯಬೇಕು; ತನ್ನಲ್ಲಿರುವುದೆಷ್ಟು, ತಾನು ಕೊಡಬೇಕಾದ್ದೆಷ್ಟು ಎಂಬುದನ್ನು ಎದುರುಬದುರು ನಿಲ್ಲಿಸಿ ತೋರಿಸಬೇಕು.

ಈ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಕೈಗೆ ಒಂದು ಪೆನ್ಸಿಲು ತೆಗೆದುಕೊಂಡರೆ ಸುಲಭ. ಯಾವುದೋ ಒಂದು ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಮೂವತ್ತು ವರ್ಷ ದುಡಿದು ನಿವೃತ್ತಳಾಗುತ್ತಾಳೆ. ಕೊನೆಯ ತಿಂಗಳ ಸಂಬಳ 13,000 ರೂಪಾಯಿ. 1972ರ ಗ್ರಾಚ್ಯುಟಿ ಕಾಯಿದೆ ಹಾಕಿಕೊಟ್ಟ ಸೂತ್ರದಂತೆ ತಿಂಗಳಿಗೆ 26 ಕೆಲಸದ ದಿನವೆಂದು ಎಣಿಸಿ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿ ಸಲ್ಲಬೇಕು. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಮೂವತ್ತು ವರ್ಷಕ್ಕೆ 2,25,000 ರೂಪಾಯಿ. ಇದನ್ನು ಪಾವತಿಯಾದ ವರ್ಷದ ಖರ್ಚೆಂದು ಬರೆದರೆ ಏನಾಗುತ್ತದೆ? ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆ ಹುಸಿ ಲಾಭ ತೋರಿಸುತ್ತದೆ. ಆ ಲಾಭ ಹಂಚಿಯೂ ಹೋಗುತ್ತದೆ. ಮೂವತ್ತನೆಯ ವರ್ಷ ಬಾಗಿಲಲ್ಲಿ ನಿಂತ ಹೆಂಗಸಿಗೆ ಕೊಡಲು ಹಣವಿಲ್ಲ. ಸಾಲ ಹುಟ್ಟಿದ್ದು ಅವಳು ನಿವೃತ್ತಳಾದ ದಿನವಲ್ಲ; ಮೊದಲ ವರ್ಷದ ದುಡಿಮೆ ಮುಗಿದ ದಿನವೇ ಅದರ ಮೂವತ್ತನೆಯ ಒಂದು ಪಾಲು ಹುಟ್ಟಿತು. ಆಯಾ ವರ್ಷದ ಬೆವರಿನ ಬೆಲೆಯನ್ನು ಆಯಾ ವರ್ಷದ ಖರ್ಚಿನಲ್ಲೇ ಬರೆಯಬೇಕು. ಈ ಶಾಸ್ತ್ರದ ಮೂಲಮಂತ್ರ ಇಷ್ಟೆ.

ಆದರೆ ಇಪ್ಪತ್ತೊಂಬತ್ತು ವರ್ಷದ ಮೇಲೆ ಕೊಡಬೇಕಾದ 7,500 ರೂಪಾಯಿಗೆ ಇಂದು 7,500ನ್ನೇ ತೆಗೆದಿಡಬೇಕಾದ್ದಿಲ್ಲ. ನಡುವೆ ಬಡ್ಡಿ ಬೆಳೆಯುತ್ತದೆ. ನೂರಕ್ಕೆ 7ರ ಚಕ್ರಬಡ್ಡಿಯಾದರೆ ಮೊದಲ ವರ್ಷ ಸುಮಾರು 1,054 ರೂಪಾಯಿ ಸಾಕು. ಬಡ್ಡಿ 6ಕ್ಕೆ ಇಳಿದರೆ ಸುಮಾರು 1,384 ರೂಪಾಯಿ ಬೇಕು. ಬಡ್ಡಿಯಲ್ಲಿ ಒಂದೇ ಒಂದು ಅಂಶದ ವ್ಯತ್ಯಾಸ. ಹೊಣೆಯಲ್ಲಿ ಮೂವತ್ತು ಅಂಶಕ್ಕೂ ಮಿಗಿಲಾದ ಏರಿಕೆ! ನಾಳೆಯ ಬಡ್ಡಿ ಎಷ್ಟು, ಸಂಬಳ ಎಷ್ಟು ಏರೀತು, ಎಷ್ಟು ಜನ ನಡುವೆ ಕೆಲಸ ಬಿಟ್ಟಾರು, ಪಿಂಚಣಿಯಾದರೆ ಎಷ್ಟು ಕಾಲ ಬದುಕಿಯಾರು ಎಂಬ ಊಹೆಗಳ ಮೇಲೆ ಈ ಅಂಕಿ ನಿಂತಿದೆ. ಊಹೆ ಸಡಿಲವಾದರೆ ಹೊಣೆ ಹಗುರಾಗಿ ಕಾಣುತ್ತದೆ. ಆದ್ದರಿಂದಲೇ ಆಕ್ಚುಯರಿ ಎಂಬ ವಿಮಾಗಣಿತಜ್ಞನಿಂದ ಅಳೆಸಿ, ಸರ್ಕಾರಿ ಸಾಲಪತ್ರಗಳ ಬಡ್ಡಿಯನ್ನು ಆಧಾರವಾಗಿಟ್ಟುಕೊಂಡು, ಹಿಡಿದ ಊಹೆಗಳನ್ನೂ ಬಹಿರಂಗವಾಗಿ ಬರೆಯಬೇಕೆಂಬ ಪದ್ಧತಿ ಬಂದಿತು. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇದಕ್ಕಾಗಿ 15ನೆಯ ಲೆಕ್ಕಪದ್ಧತಿಯ ಮಾನದಂಡವನ್ನು 1995ರಲ್ಲಿ ಹೊರಡಿಸಿ, 2005ರಲ್ಲಿ ಬಿಗಿಯಾಗಿ ತಿದ್ದಿತು. ಭಾರಿ ಕಂಪನಿಗಳಿಗೆ 2016ರ ಏಪ್ರಿಲಿನಿಂದ ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಿದ 19ನೆಯ ಮಾನದಂಡ ಜಾರಿಗೆ ಬಂದಿತು.

ಪುಸ್ತಕದಲ್ಲಿ ಬರೆಯುವುದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ನಿವೃತ್ತರ ಔಷಧೋಪಚಾರದ ಮಾತನ್ನು ಅಮೆರಿಕದ ಕಂಪನಿಗಳು ಬಹುಕಾಲ ಬಾಯಲ್ಲಿ ಕೊಟ್ಟು, ಪುಸ್ತಕದಲ್ಲಿ ಬರೆಯದೆ ಇದ್ದವು. ಬರೆಯಲೇಬೇಕೆಂಬ ನಿಯಮ ಬಂದ ಮೇಲೆ ಜನರಲ್ ಮೋಟಾರ್ಸ್ ಕಂಪನಿ 1992ರ ಒಂದೇ ವರ್ಷದಲ್ಲಿ ಸುಮಾರು 2,350 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ಅದರಲ್ಲಿ 2,000 ಕೋಟಿಗೂ ಹೆಚ್ಚಿನದು ಈ ಒಂದು ಬದಲಾವಣೆಯಿಂದ ಆದದ್ದು. ಆ ವರ್ಷ ಹೊಸ ಸಾಲವೇನೂ ಆಗಲಿಲ್ಲ. ಹಳೆಯ ಸಾಲ ಬೆಳಕಿಗೆ ಬಂದಿತು. ಬೆಳಕಿಗೆ ಬಂದೊಡನೆ ಎಷ್ಟೋ ಕಂಪನಿಗಳು ನಿಧಿ ಕಟ್ಟುವ ಬದಲು ಕೊಟ್ಟ ಮಾತನ್ನೇ ಹಿಂದಕ್ಕೆ ಪಡೆದವು ಎಂಬುದೂ ನಿಜ. ಲೆಕ್ಕ ಸತ್ಯ ಹೇಳುತ್ತದೆ; ಸತ್ಯ ಕೇಳಿದವನು ಏನು ಮಾಡುತ್ತಾನೆಂಬುದು ಅವನ ಧರ್ಮಕ್ಕೆ ಬಿಟ್ಟದ್ದು. ನಮ್ಮಲ್ಲೂ ಕೇಂದ್ರ ಸರ್ಕಾರ 2004ರಿಂದ, ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಿಂದ, ಹೊಸದಾಗಿ ಸೇವೆಗೆ ಸೇರುವವರಿಗೆ ಹಳೆಯ ಪಿಂಚಣಿಯ ಬದಲು, ನೌಕರನೂ ಸರ್ಕಾರವೂ ಪಾಲು ಹಾಕಿ ಕಟ್ಟುವ ನಿಧಿಯ ಪದ್ಧತಿ ತಂದವು. ಹೊಣೆ ಇಷ್ಟೇ ಎಂದು ಸರ್ಕಾರಕ್ಕೆ ಗೊತ್ತಾಯಿತು. ಕೈಗೆ ಬರುವುದು ಎಷ್ಟೆಂಬುದು ನೌಕರನಿಗೆ ಗೊತ್ತಾಗದೆ ಹೋಯಿತು. ಅನಿಶ್ಚಯ ಮಾಯವಾಗಲಿಲ್ಲ, ಹೆಗಲು ಬದಲಾಯಿಸಿತು. ಅದರ ಮೇಲಿನ ವಾದ ಇಂದಿಗೂ ಮುಗಿದಿಲ್ಲ.

ದಯೆಯೋ ಸಾಲವೋ ಎಂಬ ಮೊದಲ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ 1982ರ ಡಿಸೆಂಬರ್ 17ರಂದು, ನಾಕರಾ ಎಂಬ ನಿವೃತ್ತರ ಮೊಕದ್ದಮೆಯಲ್ಲಿ ಉತ್ತರ ಹೇಳಿತು. ಪಿಂಚಣಿ ಯಜಮಾನನ ಕೃಪೆಯಿಂದ ಬೀಳುವ ಭಿಕ್ಷೆಯಲ್ಲ. ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂಬುದು ಅದರ ಸಾರಾಂಶ. ಆ ದಿನವನ್ನು ಪಿಂಚಣಿದಾರರು ತಮ್ಮ ದಿನವೆಂದು ಆಚರಿಸುತ್ತಾರೆ. ತೀರ್ಪು ನ್ಯಾಯಾಲಯದ ಮಾತು. ಅದು ಹಣವಾಗಿ ಮನೆಗೆ ಬರಬೇಕಾದರೆ ಲೆಕ್ಕದ ಪುಸ್ತಕವೂ ಅದೇ ಮಾತನ್ನು ಹೇಳಬೇಕು.

ಪಿಂಚಣಿ ಎಂಬ ಮಾತು ಇಂಗ್ಲಿಷಿನಿಂದ ನಮಗೆ ಬಂದದ್ದು; ಅದರ ಬೇರು ಲ್ಯಾಟಿನ್ ಭಾಷೆಯಲ್ಲಿ ‘ತೂಗು’ ಎಂಬ ಅರ್ಥದ ಧಾತು. ನಾಣ್ಯವನ್ನು ತೂಗಿ ಸಲ್ಲಿಸುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ. ಇಂದು ತೂಗಬೇಕಾದ್ದು ನಾಣ್ಯವನ್ನಲ್ಲ, ವರ್ಷಗಳನ್ನು. ಮಹದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿಯ ಬೆರಳಿನ ತುದಿ ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕುಗಟ್ಟಿದ್ದರೆ, ನಮ್ಮ ಮನೆಯ ಮದುವೆಯ ಸೀರೆಯ ಎಳೆ ಆ ಬೆರಳನ್ನು ದಾಟಿ ಬಂದಿರಬಹುದೆಂದು ನೆನೆಯಬೇಕು. ಹೊಳೆ ದಾಟಿ ಆಯಿತು, ನಿಜ. ಆದರೆ ದೋಣಿಯಲ್ಲಿ ಕುಳಿತಿದ್ದಾಗಲೇ ಅಂಬಿಗನ ಪಾಲನ್ನು ಬೇರೆ ಗಂಟು ಕಟ್ಟಿ ಇಟ್ಟವನು ಮಾತ್ರ, ದಡ ಸೇರಿದ ಮೇಲೆ ಅವನ ಮುಖ ನೋಡಿ ಮಾತನಾಡಬಲ್ಲ.